ಬಿಡುಗಡೆಯ ಬೆಳಿಗ್ಗೆ ಗೇಟಿನ ಮುಂದೆ

ಮೂರು ವರ್ಷ ಜೈಲಿನಲ್ಲಿದ್ದು ಬಂದ ನಿಮ್ಮ ಬೀದಿಯವನೊಬ್ಬ ನಾಳೆ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಎದುರಾದರೆ, ನೀವು ಅವನ ಮುಖ ನೋಡುತ್ತೀರೋ, ನಿಮ್ಮ ಮೊಬೈಲ್ ನೋಡುತ್ತೀರೋ? ಉತ್ತರವನ್ನು ನನಗೆ ಹೇಳಬೇಕಾಗಿಲ್ಲ. ಈ ಬರಹ ಮುಗಿಯುವವರೆಗೆ ನಿಮ್ಮ ಬಳಿಯೇ ಇಟ್ಟುಕೊಂಡಿದ್ದರೆ ಸಾಕು.

ಹದಿನೇಳು ವರ್ಷ ನಾನು ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ಇನ್ನೂ ಒಂದು ಹೆಸರು ನಿಂತಿಲ್ಲ. ಕಚೇರಿಯ ಕಾಗದಗಳಲ್ಲಿ ‘ಪೀರ್ ವರ್ಕರ್’ ಎಂದಿರುತ್ತಿತ್ತು. ನಾವು ನಮ್ಮನ್ನು ‘ಜೊತೆಗಾರರು’ ಎಂದು ಕರೆದುಕೊಳ್ಳುತ್ತಿದ್ದೆವು. ಕುಡಿತದಿಂದ ಕೆಟ್ಟು, ಜೈಲು ಕಂಡು, ಕುಡಿತ ಬಿಟ್ಟು ನಿಂತ ಒಬ್ಬ ಮನುಷ್ಯ, ಅದೇ ದಾರಿಯಲ್ಲಿ ಹಿಂದೆ ಬರುತ್ತಿರುವ ಇನ್ನೊಬ್ಬನ ಜೊತೆ ನಡೆಯುವುದು: ಕೆಲಸವೆಂದರೆ ಇಷ್ಟೇ. ಈಗ ಸಮಾಜಕಾರ್ಯ ಓದಿದ ತರುಣ ತರುಣಿಯರು ಈ ಕ್ಷೇತ್ರಕ್ಕೆ ಬರುತ್ತಿದ್ದಾರೆ. ನಮ್ಮ ಹಾಗೆ ಬಿದ್ದು ಎದ್ದವರೂ ಬರುತ್ತಿದ್ದಾರೆ. ಆ ಎರಡೂ ಬಗೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಪಡೆದ ಹುದ್ದೆಗಳ ವಿವರದಿಂದ ಅವರಿಗೆ ಏನೂ ಆಗಬೇಕಾಗಿಲ್ಲ. ನಾನು ಮಾಡಿದ ತಪ್ಪುಗಳಿಂದ ಆಗಬಹುದು.

ನನ್ನ ಅರ್ಹತೆಯನ್ನು ಮೊದಲು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳ ಹುಡುಗ. ವಿಷಯದ ಪರವಾಗಿಯೂ ವಿರೋಧವಾಗಿಯೂ ಒಂದೇ ಸಂಜೆ ಮಾತನಾಡಿ ಎರಡೂ ಕಡೆ ಚಪ್ಪಾಳೆ ಗಿಟ್ಟಿಸಿದವನು. ಆಮೇಲೆ ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತೆ, ಮದುವೆ, ಕುಡಿತ. ಕುಡಿಯುವುದಕ್ಕೆ ದಿನಕ್ಕೊಂದು ಸಮರ್ಥನೆ ಕಟ್ಟುವ ಪ್ರತಿಭೆ ನನ್ನಲ್ಲಿ ಧಾರಾಳವಾಗಿತ್ತು. ಒಂದು ಬೆಳಿಗ್ಗೆ ಹಿಂದಿನ ರಾತ್ರಿಯ ಅಮಲಿನಲ್ಲೇ ಸ್ಕೂಟರ್ ಹತ್ತಿ, ಸೈಕಲ್ಲಿನಲ್ಲಿ ಸೊಪ್ಪು ಮಾರುತ್ತಿದ್ದ ಮುದುಕರೊಬ್ಬರಿಗೆ ಗುದ್ದಿ ಅವರ ಕಾಲು ಮುರಿದೆ. ಎಂಟು ತಿಂಗಳು ಒಳಗಿದ್ದೆ. ಹೊರಬಂದ ಮೇಲೆ ನಾನು ಸ್ಕೂಟರ್ ಮುಟ್ಟಿಲ್ಲ. ಇವತ್ತಿಗೂ ಈ ಊರಿನಲ್ಲಿ ಸಿಟಿ ಬಸ್ಸು, ಆಟೋ, ಇಲ್ಲವೇ ನನ್ನ ಕಾಲು.

ನಮ್ಮ ಕೇಂದ್ರ ಬನ್ನಿಮಂಟಪದಲ್ಲಿ, ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಅಲ್ಲಿ ನನಗೆ ಕೆಲಸ ಕಲಿಸಿದವರು ನಂಜುಂಡಣ್ಣ. ಹಿಂದೆ ಲಾರಿ ಓಡಿಸುತ್ತಿದ್ದವರು. ನಾನು ಸೇರುವ ಹೊತ್ತಿಗೆ ಅವರು ಕುಡಿತ ಬಿಟ್ಟು ಬಹಳ ವರ್ಷಗಳಾಗಿದ್ದವು. ಓದು ಬರಹ ಅಷ್ಟಕ್ಕಷ್ಟೆ. ನನ್ನ ಮಾತಿನ ವರಸೆ ಕೇಳಿದ ಮೊದಲ ದಿನವೇ ಅವರು ನನಗೆ ‘ವಕೀಲ್ರೇ’ ಎಂದು ಹೆಸರಿಟ್ಟರು. ನಾನು ವಕೀಲನಲ್ಲ ಎಂದು ತಿದ್ದಲು ಹೋದರೆ, “ನೋಡಿ, ಅದಕ್ಕೂ ವಾದ ಮಾಡ್ತೀರಿ” ಎಂದು ನಕ್ಕರು. ಹೆಸರು ಉಳಿಯಿತು.

ನಂಜುಂಡಣ್ಣ ಒಂದು ವಿಧಾನವನ್ನು ತಾವೇ ಕಂಡುಕೊಂಡಿದ್ದರು. ಅದಕ್ಕೆ ನಾವು ‘ದಾರಿಹಾಳೆ’ ಎನ್ನುತ್ತಿದ್ದೆವು. ಬಿಡುಗಡೆಗೆ ಒಂದು ತಿಂಗಳಿರುವಾಗ ಜೈಲಿನೊಳಗೆ ಆ ಮನುಷ್ಯನ ಎದುರು ಕುಳಿತು, ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಅವನ ಕೈಯಲ್ಲೇ ಒಂದು ನಕ್ಷೆ ಬರೆಸುವುದು. ಜೈಲಿನ ಗೇಟಿನಿಂದ ಅವನು ಸೇರಬೇಕಾದ ಮನೆಯವರೆಗೆ. ಕಾಲು ಜಾರುವ ಜಾಗಕ್ಕೆಲ್ಲ ಕಾಟು, ಅಂದರೆ ಕತ್ತರಿ ಗುರುತು. ಉಸಿರು ತಿರುಗಿಸಿಕೊಳ್ಳಬಹುದಾದ ಜಾಗಕ್ಕೆ ಸೊನ್ನೆ. ವೈನ್ ಶಾಪು, ಹಳೆಯ ಗೆಳೆಯರ ಕಟ್ಟೆ, ಜಗಳವಾದ ಬೀದಿ ಕಾಟು. ಟೀ ಅಂಗಡಿ, ನಮ್ಮ ಕೇಂದ್ರ, ಪರಿಚಯದವರ ಮನೆ ಸೊನ್ನೆ. ಆಮೇಲೆ ಕಾಟುಗಳನ್ನು ತಪ್ಪಿಸುವ ಬಸ್ಸು ಯಾವುದು, ಇಳಿಯುವುದು ಎಲ್ಲಿ, ರಸ್ತೆಯ ಯಾವ ಮಗ್ಗುಲಲ್ಲಿ ನಡೆಯಬೇಕು ಎಂದು ಇಬ್ಬರೂ ಕೂಡಿ ಗೆರೆ ಎಳೆಯುವುದು. “ಘಾಟಿ ಇಳಿಯೋನ್ಗೆ ತಿರುವು ಎಲ್ಲದೆ ಅಂತ ಮೊದ್ಲೇ ಗೊತ್ತಿರ್ಬೇಕು ಕಣ್ರೀ. ಬ್ರೇಕು ಆಮೇಲಿನ್ ಮಾತು” ಎನ್ನುತ್ತಿದ್ದರು.

ಅವರ ಎರಡು ಕಟ್ಟಳೆಗಳಿದ್ದವು. ಮೊದಲನೆಯದು: ಬಿಡುಗಡೆಯ ದಿನವನ್ನು ನೀವು ಎಣಿಸಬೇಡಿ, ಜೈಲು ಕಚೇರಿಯ ಕಿಟಕಿಯಲ್ಲಿ ಕೇಳಿ, ಕೇಳಿದ ಮೇಲೆ ಇನ್ನೊಮ್ಮೆ ಕೇಳಿ, ಆ ದಿನ ಬಾಗಿಲು ತೆರೆಯುವ ಮೊದಲೇ ಗೇಟಿನ ಮುಂದೆ ನಿಂತಿರಿ. ಎರಡನೆಯದು ನಮಗಾಗಿಯೇ ಇದ್ದದ್ದು: ಕೆಲಸದ ನಡುವೆ ಮದ್ಯದ ಬಾಟಲಿಯೋ ಪ್ಯಾಕೆಟ್ಟೋ ಕಣ್ಣಿಗೆ ಬಿದ್ದರೆ ಬೇರೇನನ್ನೂ ಮಾಡುವ ಮುಂಚೆ ಇನ್ನೊಬ್ಬ ಜೊತೆಗಾರನಿಗೆ ಫೋನು ಮಾಡಿ. ಎಷ್ಟು ವರ್ಷ ಬಿಟ್ಟಿದ್ದರೂ ಸರಿ.

ಎರಡನೆಯದನ್ನು ನಾನು ಒಂದು ಬಗೆಯ ಅವಮಾನವೆಂದೇ ತಿಳಿದಿದ್ದೆ. ಮೊದಲನೆಯದನ್ನು ಅನಗತ್ಯವೆಂದು ತಿಳಿದಿದ್ದೆ. ಎರಡರ ಬೆಲೆಯೂ ಒಂದೇ ದಿನ ತಿಳಿಯಿತು. ಅದಕ್ಕೆ ಮೊದಲು ಕೆಂಪಣ್ಣನ ವಿಷಯ ಹೇಳಬೇಕು.

ನನಗೆ ಒಪ್ಪಿಸಲಾದ ಮೊದಲ ಮನುಷ್ಯ ಕೆಂಪಣ್ಣ. ಗಾರೆ ಕೆಲಸದವನು. ಒಳಗಿನ ಭೇಟಿಯಲ್ಲಿ ಅವನು, “ಸಾ, ಹಬ್ಬ ಹರಿದಿನದಲ್ಲಿ ಒಂಚೂರು ತಗೊಂಡ್ರೆ ಏನಾಯ್ತದೆ? ಮನ್ಸ ಸಂತೋಷ್ವಾಗಿರ್ಬಾರ್ದಾ?” ಎಂದು ಕೇಳಿದ. ನಾನು ಅವನ ಪ್ರಶ್ನೆಯನ್ನು ನಾಲ್ಕು ಭಾಗ ಮಾಡಿ ನಾಲ್ಕಕ್ಕೂ ಉತ್ತರ ಕೊಟ್ಟೆ. ಅವನ ಬದುಕಿನಿಂದಲೇ ಉದಾಹರಣೆ ಎತ್ತಿ ಅವನ ಮುಂದಿಟ್ಟೆ. ಕೊನೆಗೆ ಕೆಂಪಣ್ಣ ತಲೆ ತಗ್ಗಿಸಿ, “ಸರಿ ಸಾ, ನೀವೇಳಿದ್ದೇ ಸರಿ” ಎಂದ. ನಾನು ಉಬ್ಬಿ ಹೊರಬಂದೆ. ಬಿಡುಗಡೆಯಾದ ಮೇಲೆ ಅವನು ಪ್ರತಿ ಭಾನುವಾರ ನಮ್ಮ ಸಭೆಗೆ ಬರುತ್ತಿದ್ದ. ಬಾಯಲ್ಲಿ ಏಲಕ್ಕಿ ಜಗಿಯುತ್ತಿದ್ದ. ನಾನು ಕೇಳುವ ಮೊದಲೇ “ಮುಟ್ಟಿಲ್ಲ ಸಾ” ಎನ್ನುತ್ತಿದ್ದ. ಮೂರನೆಯ ತಿಂಗಳು ಕುಡಿದು ಹೊಡೆದಾಡಿ ಮತ್ತೆ ಒಳಗೆ ಹೋದ. ಮೊದಲ ವಾರದಿಂದಲೇ ಕುಡಿಯುತ್ತಿದ್ದನೆಂದು ಆಮೇಲೆ ತಿಳಿಯಿತು.

“ನಂಗ್ಯಾಕೆ ಹೇಳ್ಲಿಲ್ಲ ಕೆಂಪಣ್ಣ?” ಎಂದು ಸರಳಿನ ಈಚೆಯಿಂದ ಕೇಳಿದೆ.

“ಎಂಗೇಳಾನ ಸಾ? ನೀವು ಗೆದ್ದಿದ್ರಲ್ಲ.”

ಅವನು ವ್ಯಂಗ್ಯವಾಗಿ ಹೇಳಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು. ಆದರೂ ನನಗೆ ಅದರ ಅರ್ಥ ಪೂರ್ತಿಯಾಗಿ ಇಳಿಯಲಿಲ್ಲ. ಅವನ ದೌರ್ಬಲ್ಯಕ್ಕೆ ಒಂದು ಒಳ್ಳೆಯ ವಿವರಣೆ ಕಟ್ಟಿಕೊಂಡು ಮುಂದೆ ಹೋದೆ.

ಈ ನಡುವೆ ಕೇಂದ್ರಕ್ಕೆ ವಿಮಲಾ ಮೇಡಂ ಮುಖ್ಯಸ್ಥೆಯಾಗಿ ಬಂದರು. ಸಮಾಜಕಾರ್ಯದಲ್ಲಿ ಪದವಿ, ಚುರುಕು, ನಿಷ್ಠುರ. ಬಂದ ವರ್ಷವೇ ನಮ್ಮ ಕ್ಯಾಲೆಂಡರ್ ಹಾಳೆಗಳ ಜೊತೆಗೆ ಅಚ್ಚು ಹಾಕಿಸಿದ ಒಂದು ನಮೂನೆ ತಂದರು. ವಯಸ್ಸು, ಎಷ್ಟು ವರ್ಷದ ಕುಡಿತ, ಮನೆಯವರು ಯಾರು, ಉದ್ಯೋಗ ಇದೆಯೇ. ಎಲ್ಲ ಸೇರಿಸಿ ಕೊನೆಗೆ ‘ಅಪಾಯದ ಅಂಕ’. ನಂಜುಂಡಣ್ಣ ಅದನ್ನು ತಲೆಕೆಳಗಾಗಿ ಹಿಡಿದು, “ಇದ್ರಲ್ಲಿ ಮನ್ಸ ಎಲ್ಲವ್ನೆ ಮೇಡಂ?” ಎಂದರು. ಮೇಡಂ ಸಿಟ್ಟಾಗಲಿಲ್ಲ. “ಅದನ್ನು ನೀವು ಹುಡುಕಿಕೊಡಿ. ಉಳಿದದ್ದನ್ನು ನಾನು ಬರೆದಿಡುತ್ತೇನೆ” ಎಂದರು. ನಾನು ಮಾತ್ರ ನಮೂನೆಯ ಕಟ್ಟಾ ಬೆಂಬಲಿಗನಾದೆ. ತರ್ಕಬದ್ಧವಾದದ್ದೆಲ್ಲ ನನಗೆ ಆಗ ಸತ್ಯದಂತೆಯೇ ಕಾಣುತ್ತಿತ್ತು.

ಸಿದ್ದರಾಜು ಬಂದದ್ದು ಆ ಕಾಲದಲ್ಲಿ. ಟೈಲ್ಸ್ ಹಾಕುವ ಕೆಲಸದವರು, ನಲವತ್ತರ ಆಸುಪಾಸು. ಕುಡಿದ ಅಮಲಿನಲ್ಲಿ ಜೊತೆಯ ಕೆಲಸಗಾರನ ತಲೆಗೆ ಹೊಡೆದು ಮೂರು ವರ್ಷದ ಶಿಕ್ಷೆ. ಒಳಗಿದ್ದಷ್ಟು ಕಾಲವೂ ಕುಡಿದಿರಲಿಲ್ಲ. ಹೊರಗೆ ಅವರಿಗಿದ್ದದ್ದು ಒಬ್ಬರೇ, ಅಕ್ಕ ಮಹದೇವಮ್ಮ. ಆಕೆ ಸರಸ್ವತಿಪುರಂನ ಒಂದು ವಿದ್ಯಾರ್ಥಿಗಳ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದರು. ರಾಮಕೃಷ್ಣನಗರದಲ್ಲಿ ನೆಲಮಹಡಿಯ ಎರಡು ಕೋಣೆಯ ಬಾಡಿಗೆ ಮನೆ, ಕಿಟಕಿಯಲ್ಲಿ ಒಂದು ಪುಟ್ಟ ಬುದ್ಧನ ಮೂರ್ತಿ. ನಾನು ಹೋಗಿ ಮಾತನಾಡಿದಾಗ ಅವರು ಒಲೆಯ ಮೇಲಿನ ಕಣ್ಣು ತೆಗೆಯದೆ ಹೇಳಿದರು:

“ಬರ್ಲಿ ಸಾರ್. ನನ್ ತಮ್ಮ ಅಲ್ವಾ. ಆದ್ರೆ ಒಂದ್ ಮಾತು ಹೇಳ್ಬುಡಿ ಅವ್ನಿಗೆ. ಅವ್ನು ಕುಡ್ಕೊಂಡ್ ಬಂದಾಗ್ಲೆಲ್ಲ ನಾನು ಬಾಗ್ಲು ತೆಗ್ದಿದ್ದೀನಿ. ಇನ್ನೊಂದ್ ಸಾರಿ ಮೂಸಿದಾಗ ವಾಸ್ನೆ ಬಂತು ಅಂದ್ರೆ ತೆಗ್ಯಲ್ಲ. ಅಷ್ಟೇಯ.”

ಆ ಮನೆಯೊಂದು ಇಲ್ಲವಾದರೆ ಸಿದ್ದರಾಜುಗೆ ಉಳಿಯುವುದು ಹಳೆಯ ಗೆಳೆಯರ ಕಟ್ಟೆ. ಅಲ್ಲಿಂದ ಜೈಲಿಗೆ ಎಷ್ಟು ದೂರವೆಂದು ಕೆಂಪಣ್ಣ ನನಗೆ ತೋರಿಸಿದ್ದ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ದಾರಿಹಾಳೆ ಬರೆಯುವ ದಿನ ಸಿದ್ದರಾಜು ನಿಧಾನವಾಗಿ, ಟೈಲ್ಸ್ ಜೋಡಿಸುವವರ ಅಚ್ಚುಕಟ್ಟಿನಿಂದ ಗೆರೆ ಎಳೆದರು. ವೈನ್ ಶಾಪುಗಳಿಗೆ ಕಾಟು ಹಾಕಿದರು. ಕಟ್ಟೆಗೆ ಕಾಟು. ಕೊನೆಗೆ ರಾಮಕೃಷ್ಣನಗರದ ಮನೆ ಬರೆದು, ಪೆನ್ಸಿಲ್ ಒತ್ತಿ, ಅದಕ್ಕೂ ಒಂದು ಕಾಟು ಹಾಕಿದರು.

“ಇದು ನಿಮ್ಮ ಅಕ್ಕನ ಮನೆ ಅಲ್ಲವೇ?” ಎಂದೆ.

“ಊಂ ಸಾ. ಅಲ್ಲೇ ನಂಗೆ ಭಯ. ಅಂಗ್ಡಿ ಮುಂದೆ ನಡ್ಕೊಂಡೋಗ್ಬುಡ್ತೀನಿ. ಅಕ್ಕನ್ ಬಾಗ್ಲು ಮುಂದೆ ಒಬ್ನೇ ನಿಂತ್ಕೊಳಕೆ ಆಗಲ್ಲ.”

ಇಲ್ಲಿ ನಾನು ಸುಮ್ಮನಿದ್ದು, ಯಾಕೆ ಎಂದು ಕೇಳಬೇಕಿತ್ತು. ನಾನು ವಾದಕ್ಕೆ ಇಳಿದೆ. ಅಪಾಯವೆಂದರೆ ಮದ್ಯ, ಮದ್ಯ ಇರುವುದು ಅಂಗಡಿಯಲ್ಲಿ, ಅಕ್ಕನ ಮನೆಯಲ್ಲಿ ಮದ್ಯವಿಲ್ಲ, ಆದ್ದರಿಂದ ಅಲ್ಲಿ ಅಪಾಯವಿಲ್ಲ. ಅಲ್ಲದೆ ನಾನೇ ಜೊತೆಗಿರುತ್ತೇನಾದ್ದರಿಂದ ಒಬ್ಬನೇ ನಿಲ್ಲುವ ಪ್ರಶ್ನೆಯೇ ಬರುವುದಿಲ್ಲ. ಸಿದ್ದರಾಜು ರಬ್ಬರ್ ಕೇಳಿ ಪಡೆದು, ಕಾಟು ಅಳಿಸಿ ಸೊನ್ನೆ ಹಾಕಿದರು. “ಸರಿ ಸಾ” ಎಂದರು. ಕೆಂಪಣ್ಣ ಹೇಳಿದ ಅದೇ ಎರಡು ಶಬ್ದ. ಹಾಳೆಯನ್ನು ಮಡಿಸಿ ನಾನು ಜೇಬಿಗಿಟ್ಟುಕೊಂಡೆ.

ಅವರ ಶಿಕ್ಷೆ ಮುಗಿಯುವ ದಿನ ಆ ವರ್ಷ ವಿಜಯದಶಮಿಗೇ ಬಿದ್ದಿತ್ತು, ಮಂಗಳವಾರ. ಕೊನೆಯ ದಿನ ರಜೆಯಾದರೆ ಅದರ ಹಿಂದಿನ ದಿನವೇ ಬಿಡುತ್ತಾರೆ. ಈ ನಿಯಮ ನನಗೆ ಗೊತ್ತಿತ್ತು. ಸೋಮವಾರ ಆಯುಧಪೂಜೆ, ಅದೂ ರಜೆ. ಹಾಗಾದರೆ ಭಾನುವಾರ. ಜೈಲಿಗೆ ಭಾನುವಾರವೆಂಬುದಿಲ್ಲ, ಪಹರೆಯವರು ಎಲ್ಲ ದಿನವೂ ಇರುತ್ತಾರೆ, ಆದ್ದರಿಂದ ಭಾನುವಾರವೇ ಬಿಡುಗಡೆ ಎಂದು ತೀರ್ಮಾನಿಸಿದೆ. ಮಹದೇವಮ್ಮನವರಿಗೂ ಹಾಗೆಯೇ ತಿಳಿಸಿದೆ. ಅವರು ಭಾನುವಾರಕ್ಕೆ ರಜೆ ಕೇಳಿಕೊಂಡರು. ತಮ್ಮನಿಗೆಂದು ಒಂದು ಹೊಸ ಅಂಗಿ ತಂದು ನನ್ನ ಕೈಗೆ ಕೊಟ್ಟರು. “ಹಿಡ್ಕೊಂಡೋದಾಗ ಹಾಕ್ಕೊಂಡಿದ್ ಅಂಗೀನೇ ವಾಪಸ್ ಕೊಡ್ತಾರಂತೆ ಸಾರ್. ಅದನ್ನ ಹಾಕ್ಕೊಂಡು ನಮ್ ಬೀದೀಲಿ ಬರೋದು ಬ್ಯಾಡ” ಎಂದರು.

ಶುಕ್ರವಾರ ಸಂಜೆ ನಂಜುಂಡಣ್ಣ ಕೇಳಿದರು: “ಕಿಟ್ಕೀಲಿ ಕೇಳಿದ್ರಾ ವಕೀಲ್ರೇ?”

“ಕೇಳುವುದೇನಿದೆ ನಂಜುಂಡಣ್ಣ? ನಿಯಮವೇ ಇದೆ. ಭಾನುವಾರ.”

“ನಿಯಮ ನಿಮ್ಗೆ ಗೊತ್ತದೆ. ಅವ್ರಿಗೆ ಏನ್ ಗೊತ್ತದೆ ಅಂತ ಓಗಿ ಕೇಳಿ.”

ನಾಳೆ ಕೊನೆಯ ಭೇಟಿಗೆ ಹೋಗುತ್ತೇನಲ್ಲ, ಆಗ ಕೇಳುತ್ತೇನೆ ಎಂದೆ.

ಶನಿವಾರ ಹನ್ನೊಂದು ಗಂಟೆಗೆ, ಅಂಗಿಯ ಚೀಲ ಹಿಡಿದು ಜೈಲಿನ ಗೇಟಿಗೆ ಹೋದೆ. ಪರಿಚಯದ ಪಹರೆಯವನು ನನ್ನನ್ನು ನೋಡಿ ಹುಬ್ಬೇರಿಸಿದ.

“ಏನ್ ಸಾರ್, ಈಗ ಬರ್ತಿದ್ದೀರಿ? ನಿಮ್ಮೋನು ಎಂಟೂವರೆಗೇ ಹೋದನಲ್ಲ.”

“ಯಾರು?”

“ಸಿದ್ದರಾಜು. ಭಾನುವಾರನೂ ಆಫೀಸಿಗೆ ರಜೆ ಅಲ್ವಾ ಸಾರ್? ಸಹಿ ಹಾಕೋರು ಯಾರು? ಇವತ್ತೇ ಬಿಟ್ರು. ಗೇಟಲ್ಲಿ ಅರ್ಧ ಗಂಟೆ ನಿಂತಿದ್ದ ಪಾಪ. ಆ ಕಡೆ ಈ ಕಡೆ ನೋಡ್ದ. ಆಮೇಲೆ ಹೋದ.”

ಪಹರೆಯವರಿಗೆ ಭಾನುವಾರವಿಲ್ಲ, ಕಾಗದಗಳಿಗಿದೆ. ಇಷ್ಟು ಸಣ್ಣ ಸಂಗತಿ ನನ್ನ ತರ್ಕದ ಹೊರಗೆ ಉಳಿದಿತ್ತು. ಎಂಟೂವರೆಗೂ ಹನ್ನೊಂದಕ್ಕೂ ನಡುವೆ ಎರಡೂವರೆ ಗಂಟೆ. ಆ ಅವಧಿಯಲ್ಲಿ ಒಬ್ಬ ಮನುಷ್ಯನಿಗೆ ಏನೆಲ್ಲ ಆಗಬಹುದೆಂಬುದು ನನಗೆ ನನ್ನದೇ ಮೈಯಿಂದ ಗೊತ್ತಿತ್ತು.

ಮಹದೇವಮ್ಮನವರಿಗೆ ಫೋನು ಮಾಡಿದೆ. ಅಡುಗೆ ಮನೆಯಲ್ಲಿರುವಾಗ ಅವರು ಫೋನು ಹತ್ತಿರ ಇಟ್ಟುಕೊಳ್ಳುವುದಿಲ್ಲ, ರಿಂಗಾಗಿ ನಿಂತಿತು. ದಸರಾ ಮೆರವಣಿಗೆಯ ತಾಲೀಮಿಗೆಂದು ರಸ್ತೆಗಳನ್ನು ಮುಚ್ಚಿದ್ದರು. ನಾವು ದಾರಿಹಾಳೆಯಲ್ಲಿ ಗೆರೆ ಎಳೆದಿದ್ದ ಬಸ್ಸು ಆ ದಿನ ಬೇರೆಲ್ಲೋ ಸುತ್ತಿ ಹೋಗುತ್ತಿತ್ತು. ಆಟೋ ಸಿಗುವ ಹೊತ್ತಿಗೆ ಹದಿನೈದು ನಿಮಿಷ, ರಾಮಕೃಷ್ಣನಗರ ಸೇರುವ ಹೊತ್ತಿಗೆ ಹನ್ನೆರಡು. ಮನೆಗೆ ಬೀಗ. ಜಗಲಿಯಲ್ಲಿ ಯಾರೂ ಇಲ್ಲ. ಎದುರು ಬದಿಯಲ್ಲಿ ಆಯುಧಪೂಜೆಗೆಂದು ಬೂದುಗುಂಬಳದ ರಾಶಿ ಹಾಕಿಕೊಂಡು ಯಾರೋ ಇಬ್ಬರು ಮಾರುತ್ತಾ ಕೂತಿದ್ದರು. ಅಷ್ಟೇ ನೋಡಿ ತಿರುಗಿದೆ.

ಜೇಬಿನಿಂದ ಹಾಳೆ ತೆಗೆದು, ಕಾಟುಗಳನ್ನು ಒಂದೊಂದಾಗಿ ಹಿಡಿದು ಹೊರಟೆ. ಮನೆಗೆ ಹತ್ತಿರದ ವೈನ್ ಶಾಪು ಮೊದಲು. ಬಾಗಿಲಲ್ಲಿ ನಿಂತು ಒಳಗೆ ಇಣುಕಿ ಮುಖಗಳನ್ನು ನೋಡುವಾಗ, ಆ ತಂಪು ಕತ್ತಲೆಯ ವಾಸನೆ ನನ್ನ ಮೂಗಿಗೆ ಎಷ್ಟು ಸಲುಗೆಯಿಂದ ಬಂದು ಸೇರಿತೆಂಬುದನ್ನು ನಾನು ಮುಚ್ಚಿಡುವುದಿಲ್ಲ. ಎರಡನೆಯ ಅಂಗಡಿ. ಮೂರನೆಯದು. ಕಟ್ಟೆ. ಕಟ್ಟೆಯವರಲ್ಲೊಬ್ಬ, “ಸಿದ್ದ ಬಿಡುಗಡೆ ಆದ್ನಾ? ಬಂದ್ರೆ ಕಳ್ಸಿ ಸಾ, ಸನ್ಮಾನ ಮಾಡಾನ” ಎಂದ. ಉಳಿದವರು ನಕ್ಕರು. ಅಲ್ಲಿಯೂ ಇರಲಿಲ್ಲ. ನನ್ನ ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು. ಗಂಟೆ ಎರಡಾಗುತ್ತ ಬಂದಿತ್ತು.

ಮೆಸ್ಸಿಗೆ ಹೋಗಿ ಮಹದೇವಮ್ಮನವರಿಗೆ ಮುಖಾಮುಖಿ ಹೇಳುವುದಲ್ಲದೆ ಬೇರೆ ದಾರಿಯಿರಲಿಲ್ಲ. ಹುಡುಗರ ಊಟ ನಡೆಯುತ್ತಿತ್ತು. ಸಾರಿನ ಸೌಟು ಹಿಡಿದೇ ಅವರು ಹಿಂಬಾಗಿಲಿಗೆ ಬಂದರು. ಹೇಳಿದೆ. ಅವರು ಬೈಯಲಿಲ್ಲ.

“ಎಲ್ಲೆಲ್ಲಿ ನೋಡಿದ್ರಿ?”

ಹಾಳೆ ತೋರಿಸಿದೆ. ಸೌಟಿನ ಹಿಡಿಯಿಂದಲೇ ಅವರು ಒಂದೊಂದು ಗುರುತನ್ನೂ ತೋರಿಸಿ ಕೇಳುತ್ತ ಬಂದು, ಕೊನೆಯ ಸೊನ್ನೆಯ ಮೇಲೆ ನಿಲ್ಲಿಸಿದರು.

“ಇದು ನಮ್ಮನೆಯಾ? ಇಲ್ಲೇನೋ ಅಳ್ಸಿದ್ದೀರಲ್ಲ.”

ಬಿಸಿಲಿಗೆ ಹಿಡಿದು ನೋಡಿದೆ. ಸಿದ್ದರಾಜು ಒತ್ತಿ ಬರೆದಿದ್ದ ಕಾಟು, ಸೊನ್ನೆಯ ಕೆಳಗೆ, ಕಾಗದದಲ್ಲಿ ಕೊರೆದಂತೆ ಹಾಗೆಯೇ ಇತ್ತು.

“ಅವ್ರು ಕಾಟು ಹಾಕಿದ್ದರು. ನಾನು ಅಳಿಸಿಸಿದೆ” ಎಂದೆ.

ಮಹದೇವಮ್ಮ ನನ್ನ ಮುಖ ನೋಡಿದರು. “ಅವ್ನು ಅಂಗ್ಡಿಗೆ ಹೆದ್ರೋನಲ್ಲ ಸಾರ್. ಚಿಕ್ಕಂದಿಂದ್ಲೂ ನಂಗೆ ಹೆದ್ರೋನು. ಬೀಗ ನೋಡವ್ನೆ. ನೀವು ಮನೆ ಹತ್ರನೇ ಓಗಿ. ಇನ್ನೊಂದ್ ಪಂಕ್ತಿ ಬಡ್ಸ್ಬುಟ್ಟು ಆಟೋ ಹಿಡ್ದು ಬತ್ತೀನಿ. ಅರ್ಧ ಗಂಟೆ.”

ಅರ್ಧ ಗಂಟೆ. ಆ ವೇಳೆಗೆ ಸಿದ್ದರಾಜು ಕುಡಿದಿದ್ದರೆ, ಅಕ್ಕ ಅದನ್ನು ಕಂಡರೆ, ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಆಟೋದಲ್ಲಿ ಕೂತ ನನಗೆ ಬೇರೆ ಯಾವ ವಿಚಾರವೂ ಬರಲಿಲ್ಲ.

ಬೂದುಗುಂಬಳದ ರಾಶಿಯ ಹಿಂದೆ ಕೂತಿದ್ದ ಇಬ್ಬರಲ್ಲಿ ಒಬ್ಬರು ಸಿದ್ದರಾಜು. ಮಧ್ಯಾಹ್ನ ನಾನು ಮಾರುವವರೆಂದು ಕಣ್ಣು ಹಾಯಿಸಿ ಬಿಟ್ಟಿದ್ದೆ. ಜೇಬು ಹರಿದು ನೇತಾಡುತ್ತಿದ್ದ ಹಳೆಯ ಅಂಗಿ. ಪಕ್ಕದ ಮೋಟು ಗೋಡೆಯ ಮೇಲೆ ಒಂದು ರಟ್ಟಿನ ಪ್ಯಾಕೆಟ್ಟು. ಅದು ಮದ್ಯವೆಂದು ತಿಳಿಯಲು ನಾನು ಮೇಲಿನ ಹೆಸರು ಓದಬೇಕಾಗಿರಲಿಲ್ಲ. ನಾನು ಹೋಗಿ ಗೋಡೆಯ ಮೇಲೆ ಕೂತೆ. ಪ್ಯಾಕೆಟ್ಟು ನಮ್ಮಿಬ್ಬರ ನಡುವೆ. ಮೂಲೆ ಕತ್ತರಿಸಿರಲಿಲ್ಲ.

“ಹತ್ತು ಗಂಟೆಗೆ ಬಂದೆ ಸಾ” ಎಂದರು, ರಸ್ತೆ ನೋಡುತ್ತಲೇ. “ಬೀಗ ಇತ್ತು. ನಾನು ಬತ್ತೀನಿ ಅಂತ್ಲೇ ಬೀಗ ಹಾಕ್ಕೊಂಡು ಓಗ್ಬುಟ್ಟವ್ಳೆ ಅನ್ಕೊಂಡೆ. ಆಮೇಲೆ ನೀವ್ ಬಂದ್ರಿ. ಬೀಗ ನೋಡಿದ್ರಿ, ಓಗ್ಬುಟ್ರಿ. ಕೂಗಾನ ಅಂದ್ರೆ ಗಂಟ್ಲೇ ಬರ್ಲಿಲ್ಲ. ನೀವ್ ಓದ್ಮೇಲೆ ಇದನ್ನ ತಂದೆ.”

ನಾನು ಹತ್ತಿರದ ಅಂಗಡಿಯಲ್ಲಿ ಇಣುಕಿ ಮುಂದಕ್ಕೆ ಹೋದ ಮೇಲೆ ಅವರು ಅದೇ ಅಂಗಡಿಗೆ ಬಂದಿದ್ದರು.

ಎಷ್ಟೋ ವಾಕ್ಯಗಳು ನನ್ನ ನಾಲಗೆಯ ಮೇಲೆ ಸಾಲುಗಟ್ಟಿದವು. ಎಲ್ಲವೂ ಸರಿಯಾದ ವಾಕ್ಯಗಳೇ. ಆದರೆ ಬಾಯಿ ತೆರೆಯುವ ಮೊದಲು ನನ್ನ ಕಣ್ಣು ಎಲ್ಲಿದೆಯೆಂದು ನನಗೇ ಅರಿವಾಯಿತು. ಮೂರು ಗಂಟೆ ಬಿಸಿಲಲ್ಲಿ ಅಲೆದು, ಊಟವಿಲ್ಲದೆ, ನಾಚಿಕೆಯಿಂದ ಕುದಿದು ಬಂದವನು ನಾನು. ನನ್ನ ಕಣ್ಣು ಸಿದ್ದರಾಜು ಮೇಲಿರಲಿಲ್ಲ. ಪ್ಯಾಕೆಟ್ಟಿನ ಮೂಲೆಯ ಮೇಲಿತ್ತು.

ಎರಡನೆಯ ಕಟ್ಟಳೆ ನೆನಪಾಯಿತು. ಅದುವರೆಗೆ ಒಮ್ಮೆಯೂ ಪಾಲಿಸದಿದ್ದದ್ದು. ಫೋನು ತೆಗೆದೆ.

“ನಂಜುಂಡಣ್ಣ, ಸಿದ್ದರಾಜು ಸಿಕ್ಕಿದರು. ನನ್ನ ಪಕ್ಕ ಒಂದು ಪ್ಯಾಕೆಟ್ ಇದೆ.”

ಅವರು ಸಿದ್ದರಾಜು ಬಗ್ಗೆ ಏನೂ ಕೇಳಲಿಲ್ಲ. “ಒಡ್ದದ್ಯಾ?”

“ಇಲ್ಲ.”

“ಎಷ್ಟು ದೂರ್ದಲ್ಲದೆ?”

“ಒಂದು ಗೇಣು.”

“ನಿಮ್ ಕೈ ಎಲ್ಲದೆ ವಕೀಲ್ರೇ?”

“ಮಂಡಿಯ ಮೇಲೆ.”

“ನಡುಗ್ತಾ ಅದ್ಯಾ?”

“ಹೌದು.”

“ಅಲ್ಲೇ ಇರ್ಲಿ. ನಂದೂ ನಡುಗ್ತದೆ ಎಷ್ಟೋ ದಿನ. ಫೋನ್ ಇಕ್ಬ್ಯಾಡಿ. ಮಾತಾಡ್ತಾ ಇರಿ. ಏನ್ ತಿಂದ್ರಿ ಬೆಳಿಗ್ಗೆ?”

“ಎರಡು ಇಡ್ಲಿ.”

“ವಾದ ಮಾಡೋರ್ಗೆ ಎರಡ್ ಇಡ್ಲಿ ಎಲ್ ಸಾಕಾಯ್ತದೆ? ಚಟ್ನಿ ಎಂಗಿತ್ತು?”

ನಾನು ಚಟ್ನಿಯ ಬಗ್ಗೆ ಹೇಳತೊಡಗಿದೆ. ಸಿದ್ದರಾಜು ಈಗ ನನ್ನ ಕಡೆ ತಿರುಗಿದ್ದರು. ನನ್ನ ಕೈಯನ್ನು ನೋಡಿದರು, ಪ್ಯಾಕೆಟ್ಟನ್ನು ನೋಡಿದರು, ಮತ್ತೆ ನನ್ನ ಮುಖವನ್ನು.

“ನಿಮ್ಗೂ ಆಯ್ತದಾ ಸಾ? ಇನ್ನೂವೆ?”

“ಇನ್ನೂ ಆಗುತ್ತದೆ ಸಿದ್ದರಾಜು.”

“ಮತ್ತೆ ಅವತ್ತು ಜೈಲಲ್ಲಿ ಅಂಗೆಲ್ಲ ಮಾತಾಡಿದ್ರಲ್ಲ!”

“ಅವತ್ತು ನಿಮ್ಮ ಮಾತು ಕೇಳಿಸಿಕೊಳ್ಳಲಿಲ್ಲ. ಆ ಕಾಟು ನಾನು ಅಳಿಸಿಸಬಾರದಾಗಿತ್ತು. ಇವತ್ತು ಬೆಳಿಗ್ಗೆ ಗೇಟಿಗೆ ಬರದೆ ಹೋದದ್ದೂ ನನ್ನ ತಪ್ಪು. ನಾನು ದಿನ ಕೇಳಲಿಲ್ಲ. ನಿಮ್ಮ ಅಕ್ಕ ಬೀಗ ಹಾಕಿದ್ದು ನಿಮ್ಮನ್ನು ತಪ್ಪಿಸಲಿಕ್ಕಲ್ಲ, ಕೆಲಸಕ್ಕೆ ಹೋಗಲಿಕ್ಕೆ. ನಾಳೆ ಬರುತ್ತೀರೆಂದು ನಾನೇ ಅವರಿಗೆ ಹೇಳಿದ್ದೆ.”

ಅವರು ಎದುರಿನ ಬೀಗವನ್ನೊಮ್ಮೆ ನೋಡಿದರು. ಆಮೇಲೆ ಕೈ ಚಾಚಿ ಪ್ಯಾಕೆಟ್ಟು ತೆಗೆದುಕೊಂಡರು. ಅವರು ಅದನ್ನು ನನ್ನಿಂದ ದೂರಕ್ಕೆ, ತಮ್ಮ ಆಚೆಯ ಮಗ್ಗುಲಿಗೆ, ಒಂದು ಬೂದುಗುಂಬಳದ ಹಿಂದೆ ಇಟ್ಟರು.

“ಈ ಕಡೆ ಇರ್ಲಿ ಬುಡಿ ಸಾ. ನೀವ್ ಹೆದ್ರಬ್ಯಾಡಿ.”

ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ನಂಜುಂಡಣ್ಣ, “ಈಗ ಇಬ್ರೂ ಉಸ್ರಾಡಿ” ಎಂದರು.

ಚೀಲದಿಂದ ಅಂಗಿ ತೆಗೆದು ಕೊಟ್ಟೆ. ಸಿದ್ದರಾಜು ಗೋಡೆಯ ಮರೆಗೆ ಹೋಗಿ ಹಾಕಿಕೊಂಡು ಗುಂಡಿ ಹಾಕುತ್ತಿರುವಾಗಲೇ ಆಟೋ ಬಂದು ನಿಂತಿತು. ಮಹದೇವಮ್ಮ ಇಳಿದರು. ಸೆರಗಿನ ತುದಿಯಲ್ಲಿ ಸಾರಿನ ಕಲೆ. ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕುಂಬಳಕಾಯಿಯ ಹಿಂದೆ ಇಣುಕುತ್ತಿದ್ದ ಪ್ಯಾಕೆಟ್ಟನ್ನು.

“ಏನೋ ಅದು?”

ಸಿದ್ದರಾಜು ಸುಳ್ಳು ಹೇಳಬಹುದಿತ್ತು. ಅಲ್ಲಿ ಬೇರೊಬ್ಬ ಮನುಷ್ಯನಿದ್ದ, ನಾನಿದ್ದೆ, ಯಾರದೋ ಎನ್ನಬಹುದಿತ್ತು.

“ನಾನೇ ತಂದಿದ್ದು ಅಕ್ಕ. ಒಡ್ದಿಲ್ಲ.”

“ಬಾಯ್ ಬುಡು.”

ಅವರು ಬಾಯಿ ತೆರೆದರು. ಮಹದೇವಮ್ಮ ಮುಖ ಹತ್ತಿರ ತಂದು, ಹಾಲು ಹುಳಿಯಾಗಿದೆಯೋ ಎಂದು ನೋಡುವವರ ಗಾಂಭೀರ್ಯದಿಂದ ಮೂಸಿದರು. ನಾನು ಒಂದು ಮಾತೂ ಆಡಲಿಲ್ಲ. ನನ್ನ ಇಡೀ ಸೇವಾವಧಿಯಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ ಅದು.

“ಎಷ್ಟೊತ್ತಿಂದ ಕೂತಿದ್ದೀಯ?”

“ಹತ್ತು ಗಂಟೆಯಿಂದ.”

“ನಾಕೂವರೆ ಗಂಟೆ ಇದನ್ನ ಇಟ್ಕೊಂಡು ಕೂತಿದ್ದಾ?”

“ಅರ್ಧ ಹೊತ್ತು ಇದಿರ್ಲಿಲ್ಲ” ಎಂದರು ಸಿದ್ದರಾಜು, ಲೆಕ್ಕ ತಪ್ಪಬಾರದೆಂಬ ಕಾಳಜಿಯಿಂದ.

ಮಹದೇವಮ್ಮ ಕುಂಬಳಕಾಯಿ ಮಾರುವವನ ಕಡೆ ತಿರುಗಿ ಚಾಕು ಕೇಳಿ ಪಡೆದು, ಪ್ಯಾಕೆಟ್ಟನ್ನು ಸೀಳಿ ಚರಂಡಿಗೆ ಸುರಿದರು. ವಾಸನೆ ಎದ್ದಿತು. ನಾನು, ಸಿದ್ದರಾಜು ಇಬ್ಬರೂ ಒಂದೇ ಸಲ ಮುಖ ತಿರುಗಿಸಿದೆವು.

“ದೃಷ್ಟಿ ತೆಗ್ಯಕೆ ಇದನ್ನೇ ಒಡ್ದ್ಬುಟ್ಯಲ್ಲಕ್ಕ, ಇನ್ ನನ್ ಕಾಯಿ ಯಾರ್ ತಗೋತಾರೆ?” ಎಂದ ಮಾರುವವನು.

“ಒಂದ್ ಕೊಡು. ನಾಕೂವರೆ ಗಂಟೆ ನಿನ್ ಅಂಗ್ಡಿ ಕಾದವ್ನೆ ನನ್ ತಮ್ಮ, ಕಮ್ಮಿ ಮಾಡ್ಕೊಂಡ್ ಕೊಡು” ಎಂದರು ಮಹದೇವಮ್ಮ. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು ತಮ್ಮನ ಮುಂದೆ ಹಿಡಿದರು. “ತಗೋ. ನೀನೇ ತೆಗಿ ಬಾಗ್ಲು.”

ಸಿದ್ದರಾಜು ರಸ್ತೆ ದಾಟಿದರು. ಬೀಗಕ್ಕೆ ಕೈ ಹಾಕಿ ಒಮ್ಮೆ ಹಿಂದಿರುಗಿ ನೋಡಿದರು. ನಾನು ಮನೆಯ ಗೇಟಿನ ಬಳಿಯೇ ನಿಂತಿದ್ದೆ. ಅವರು ಒಬ್ಬರೇ ಇರಲಿಲ್ಲ.

ಇಲ್ಲಿಗೆ ಎಲ್ಲವೂ ಸರಿಹೋಯಿತೆಂದು ಬರೆದರೆ ನಾನು ಮತ್ತೆ ಹಳೆಯ ಚರ್ಚಾಪಟುವೇ ಆಗುತ್ತೇನೆ. ಮುಂದಿನ ಮಳೆಗಾಲದಲ್ಲಿ ಕೆಲಸವಿಲ್ಲದ ಒಂದು ವಾರ ಸಿದ್ದರಾಜು ಕುಡಿದರು. ಆ ದಿನವೇ ಫೋನು ಬಂತು: “ಸಾ, ಕುಡ್ದ್ಬುಟ್ಟೆ.” ನಾನು ಕೇಳಿದ್ದು ಒಂದೇ ಪ್ರಶ್ನೆ, “ಎಲ್ಲಿದ್ದೀರಿ?” ಹೋದೆ, ಇಬ್ಬರೂ ಕೂಡಿ ಮಹದೇವಮ್ಮನವರ ಬಳಿ ಹೋದೆವು, ಅವರು ಎರಡು ದಿನ ಮಾತಾಡಲಿಲ್ಲ, ಆದರೆ ಬಾಗಿಲು ಮುಚ್ಚಲಿಲ್ಲ. “ಮೂಸೋ ಮುಂಚೆ ಅವ್ನೇ ಹೇಳ್ದ” ಎಂದು ನನಗೆ ಕಾರಣ ಕೊಟ್ಟರು. ಕೆಂಪಣ್ಣ ನನಗೆ ಹೇಳದೆ ಉಳಿದದ್ದನ್ನು ಸಿದ್ದರಾಜು ಹೇಳಿದರು. ಇಬ್ಬರ ನಡುವಿನ ವ್ಯತ್ಯಾಸ ಅವರಲ್ಲಿರಲಿಲ್ಲ. ಅವರ ಎದುರಿಗಿದ್ದ ಮನುಷ್ಯನಲ್ಲಿತ್ತು, ಅಂದರೆ ನನ್ನಲ್ಲಿ.

ಆ ಶನಿವಾರದ ವರದಿಯನ್ನು ನಾನು ಏನೂ ಬಚ್ಚಿಡದೆ ಬರೆದು ವಿಮಲಾ ಮೇಡಂಗೆ ಕೊಟ್ಟೆ. ಅವರು ನನಗೊಂದು ಎಚ್ಚರಿಕೆಯ ಪತ್ರ ಕೊಟ್ಟರು, ಅದು ನ್ಯಾಯವೇ. ಜೊತೆಗೆ ನಮೂನೆಯ ಕೊನೆಯಲ್ಲಿ ಅಂಕಗಳ ಕೆಳಗೆ ಒಂದು ಖಾಲಿ ಜಾಗ ಸೇರಿಸಿದರು: ‘ನಿಮಗೆ ಯಾವ ಜಾಗದ ಭಯ? ಅವರ ಮಾತಿನಲ್ಲೇ ಬರೆಯಿರಿ. ತಿದ್ದಬೇಡಿ.’ ಈಗ ಆ ನಮೂನೆ ಮೊಬೈಲಿಗೆ ಬಂದಿದೆ. ಆ ಜಾಗ ಹಾಗೆಯೇ ಉಳಿದಿದೆ. ಈ ಕೆಲಸಕ್ಕೆ ಬರುವ ತರುಣರು ಉಳಿದೆಲ್ಲವನ್ನೂ ಬೇಗ ಭರ್ತಿ ಮಾಡಲಿ. ಅಲ್ಲಿ ಮಾತ್ರ ನಿಲ್ಲಲಿ.

ನಂಜುಂಡಣ್ಣ ಈಗಿಲ್ಲ. ನಾನು ನಿವೃತ್ತನಾದೆ. ಟೈಲ್ಸ್ ಕೆಲಸ ಇಲ್ಲದ ದಿನಗಳಲ್ಲಿ ಸಿದ್ದರಾಜು ಬೆಳಿಗ್ಗೆ ಆರೂವರೆಗೆ ಜೈಲಿನ ಗೇಟಿನ ಮುಂದೆ ನಿಂತಿರುತ್ತಾರೆ, ಯಾರಿಗೋ ತಂದ ಅಂಗಿಯೊಂದನ್ನು ಚೀಲದಲ್ಲಿ ಹಿಡಿದು. ಹಿಂದಿನ ದಿನ ಕಿಟಕಿಯಲ್ಲಿ ಎರಡು ಸಲ ಕೇಳಿರುತ್ತಾರೆ. ಆದರೆ ಅವರು ಒಬ್ಬರು. ಹೊರಬರುವವರು ಬಹಳ ಮಂದಿ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ನಿಮ್ಮ ಬೀದಿಯವರು, ನೆಂಟರು, ಹಿಂದೆ ನಿಮ್ಮ ಮನೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಒಳಗಿದ್ದರೆ, ಜೈಲು ಕಚೇರಿಗೆ ಹೋಗಿ ಬಿಡುಗಡೆಯ ದಿನ ಕೇಳಿ. ನೀವೇ ಎಣಿಸಬೇಡಿ. ಆ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒಂದು ಒಗೆದ ಅಂಗಿ ತೆಗೆದುಕೊಂಡು ಗೇಟಿನ ಮುಂದೆ ಹೋಗಿ ನಿಲ್ಲಿ. ಅವರು ಹೊರಬಂದಾಗ ಮುಖ ನೋಡಿ. ಎಲ್ಲಿಗೆ ಹೋಗಬೇಕೆಂದು ಕೇಳಿ. ಅವರ ಮನೆಯ ಬಾಗಿಲವರೆಗೆ ಜೊತೆಯಲ್ಲಿ ನಡೆಯಿರಿ.